ಏಳನೆಯ ಹಾಡಿನ ನಾಲ್ಕನೆಯ ಟೇಕ್

ಪ್ರತಿಭಾಳ ದನಿಯನ್ನು ನೀವು ಕೇಳಿಲ್ಲ. ತೊಂಬತ್ತರ ದಶಕದ ಕೊನೆಯ ಐದು ವರ್ಷ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಆಕೆ ನಾನೂರಕ್ಕೂ ಹೆಚ್ಚು ಸಿನಿಮಾ ಹಾಡುಗಳನ್ನು ಹಾಡಿದ್ದಾಳೆ; ಆದರೂ ನೀವು ಕೇಳಿಲ್ಲ. ಆಕೆ ಟ್ರ್ಯಾಕ್ ಸಿಂಗರ್. ಹೆಸರಾಂತ ಗಾಯಕಿ ಚೆನ್ನೈಯಿಂದಲೋ ಮುಂಬೈಯಿಂದಲೋ ಬಂದಿಳಿಯುವ ಮೊದಲು, ವಾದ್ಯದವರಿಗೆ ದಾರಿ ತಿಳಿಯಲಿ, ಬರುವವರಿಗೆ ಧಾಟಿ ಸಿಗಲಿ ಎಂದು ಯಾರಾದರೊಬ್ಬರು ಹಾಡನ್ನು ಪೂರ್ತಿಯಾಗಿ ಹಾಡಿಡಬೇಕು. ಹೆಸರಿನವರು ಬಂದು ಹಾಡಿಹೋದ ಮೇಲೆ ಆ ಮೊದಲಿನ ದನಿಯನ್ನು ಅಳಿಸಿಬಿಡುತ್ತಾರೆ. ಅಡುಗೆಮನೆಯಲ್ಲಿ ಉಪ್ಪು ನೋಡಿದವಳ ಹೆಸರನ್ನು ಯಾರೂ ಲಗ್ನಪತ್ರಿಕೆಯಲ್ಲಿ ಹಾಕುವುದಿಲ್ಲವಲ್ಲ, ಹಾಗೆ.

ಈ ಕೆಲಸದಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಸಂಗೀತ ನಿರ್ದೇಶಕರ ಸಹಾಯಕರಾಗಿದ್ದ ಚಂದ್ರಶೇಖರ್, ಎಲ್ಲರ ಬಾಯಲ್ಲಿ ಚಂದ್ರು ಸರ್, ಮೊದಲ ದಿನವೇ ಪಾಠ ಹೇಳಿದ್ದರು. "ನಿನ್ ಗಂಟಲಲ್ಲಿ ಹಾಡ್ಬೇಡಮ್ಮ. ಹಾಡು ಯಾರದೋ ಅವ್ರ ಗಂಟಲಲ್ಲಿ ಹಾಡು. ಅವ್ರು ಬಂದು ಕೇಳಿದ್ರೆ, ಅರೆ ಇದನ್ನ ನಾನೇ ಯಾವಾಗ್ಲೋ ಹಾಡಿದೀನಲ್ಲ ಅನ್ಕೋಬೇಕು." ಪ್ರತಿಭಾಗೆ ಆಗ ಇಪ್ಪತ್ತು ವರ್ಷ. ಒಬ್ಬರ ಮೂಗಿನ ಎಳೆತ, ಇನ್ನೊಬ್ಬರ ನಗುವಿನಂಥ ತುದಿ, ಮತ್ತೊಬ್ಬರು ಉಸಿರು ಬಿಡುವ ರೀತಿ, ಎಲ್ಲವನ್ನೂ ಒಂದೆರಡು ಸಲ ಕೇಳಿ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದಳು. ಒಂದು ಸಲ ಹಾಡಿದರೆ ಒಂದು ಟೇಕ್. ಟೇಕ್‌ಗಳ ವಿವರ ಬರೆಯುವ ಹಾಳೆಯಲ್ಲಿ ಗಾಯಕರ ಹೆಸರು ಎಂದಿದ್ದ ಕಡೆ ಹಾಡು ಯಾರದೋ ಅವರ ಹೆಸರನ್ನೇ ತನ್ನ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದಳು. ರೂಢಿಯೇ ಹಾಗಿತ್ತು. ತನ್ನ ಹೆಸರನ್ನು ಬರೆಯಬಹುದೆಂದು ಆಕೆಗೆ ಯಾರೂ ಹೇಳಲಿಲ್ಲ, ಆಕೆ ಕೇಳಲೂ ಇಲ್ಲ.

ಮದುವೆಯಾಯಿತು. ಗಂಡ ರಾಕೇಶ್ ಎಂಜಿನಿಯರು, ಮಾತು ಕಡಿಮೆ, ಊಟಕ್ಕೆ ಹುಳಿ, ಮಜ್ಜಿಗೆ ಇದ್ದರೆ ಮುಗಿಯಿತು. ಗಂಡನ ಜೊತೆ ಅಮೆರಿಕಕ್ಕೆ ಬಂದಳು. ಸಮಾಮಿಶ್‌ನಲ್ಲಿ ಮನೆ, ಕರ್ಕ್‌ಲ್ಯಾಂಡ್‌ನ ಒಂದು ಕಂಪನಿಯಲ್ಲಿ ಆಕೆಗೂ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ಇಲ್ಲಿಯೂ ಹೆಸರಿನ ಗೊಡವೆಯಿಲ್ಲ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ, ಯುಗಾದಿಗೆ ಮಾತ್ರ ಹಾಡುತ್ತಿದ್ದಳು. ಜನ ಆ ಗಾಯಕಿಯ ಹಾಡು ಹೇಳಿ, ಈ ಗಾಯಕಿಯ ಹಾಡು ಹೇಳಿ ಎಂದು ಚೀಟಿ ಕಳಿಸುತ್ತಿದ್ದರು. ಮುಗಿದ ಮೇಲೆ "ಥೇಟ್ ಅವರ ಥರಾನೇ ಕಣ್ರೀ!" ಎಂದು ಕೈ ಹಿಡಿದು ಕುಲುಕುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಇರಬಹುದೆಂದು ಆಕೆಗೆ ಅನ್ನಿಸಿರಲಿಲ್ಲ.

ಮಗಳು ಸ್ಪಂದನಾ ಬೇರೆ ಮಣ್ಣಿನ ಗಡಿಗೆ. ಹೈಸ್ಕೂಲಿನಲ್ಲಿ ಗೆಳತಿಯ ಅಜ್ಜನ ಗಿಟಾರು ಹಿಡಿದವಳು ಕೆಳಗಿಡಲೇ ಇಲ್ಲ. ಕಲಿತದ್ದು ಕಂಟ್ರಿ ಸಂಗೀತ. ಟ್ರಕ್ಕು, ಒಡೆದ ಮದುವೆ, ಬಿಟ್ಟುಬಂದ ಊರು, ಇವುಗಳನ್ನು ಸುತ್ತುಬಳಸದೆ ಹೇಳುವ ಅಮೆರಿಕದ ಹಳ್ಳಿಗಾಡಿನ ಹಾಡು. ಸಮಾಮಿಶ್‌ನಲ್ಲಿ ಟ್ರಕ್ಕೂ ಇಲ್ಲ, ಹಳ್ಳಿಯೂ ಇಲ್ಲ. ರಾಕೇಶ್ ಒಮ್ಮೆ, "ಕೆನಡಾದೋರು ಯಕ್ಷಗಾನ ಮಾಡ್ದಂಗೆ ಆಗಲ್ವಾ ಇದು?" ಎಂದು ಕೇಳಿ ಎರಡು ದಿನ ಮಗಳಿಂದ ಮಾತು ಬಿಡಿಸಿಕೊಂಡಿದ್ದ. ಆದರೆ ಹುಡುಗಿ ಹಠಮಾರಿ. ವಾರವಿಡೀ ಆಫೀಸು, ಶನಿವಾರ ಭಾನುವಾರ ವುಡಿನ್‌ವಿಲ್‌ನ ಜನ ಕೂತು ವೈನ್ ಸವಿಯುವ ಅಂಗಡಿಗಳಲ್ಲಿ ಸ್ಟೂಲಿನ ಮೇಲೆ ಕೂತು ತಾನೇ ಬರೆದ ಹಾಡು. ಅವಳ ದನಿ ಸ್ವಲ್ಪ ಒರಟು. ಸಾಲಿನ ಕೊನೆಯ ಪದವನ್ನು ಪೂರ್ತಿ ಹಾಡದೆ, ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟ ಹಾಗೆ ಇಟ್ಟುಬಿಡುತ್ತಾಳೆ. ಕೇಳಿದವರಿಗೆ ಎಲ್ಲೋ ನಾಟುತ್ತದೆ.

ಅವಳ ಮೊದಲ ಆಲ್ಬಮಿನ ಹೆಸರು 'ಪ್ಲಾಟೋ ಗರ್ಲ್'. ಸಮಾಮಿಶ್ ಇರುವ ಎತ್ತರದ ಬಯಲಿಗೆ ಅಲ್ಲಿಯವರು ಪ್ಲಾಟೋ ಎನ್ನುತ್ತಾರೆ. ಹನ್ನೊಂದು ಹಾಡು. ರೆಕಾರ್ಡಿಂಗ್ ನಡೆದದ್ದು ವುಡಿನ್‌ವಿಲ್‌ನಲ್ಲಿ, ಕ್ಲೇಟನ್ ಎಂಬ ಮುದುಕ ತನ್ನ ಮನೆಯ ಹಿಂದೆ ಕಟ್ಟಿಕೊಂಡಿದ್ದ ಸ್ಟುಡಿಯೋದಲ್ಲಿ. ಕ್ಲೇಟನ್ ಒಳ್ಳೆಯವನು, ಆದರೆ ಕಾಗದಪತ್ರವೆಂದರೆ ಅವನಿಗೆ ಅಲರ್ಜಿ. ಅಕ್ಟೋಬರಿನಲ್ಲಿ ಡ್ರಮ್ಸ್, ಬೇಸ್ ಮತ್ತು ಸ್ಟೀಲ್ ಗಿಟಾರ್ ನುಡಿಸುವ ಮೂವರು ನಾಲ್ಕು ದಿನಕ್ಕೆ ಬಂದಿಳಿದರು. ಅದೇ ದಿನ ಸ್ಪಂದನಾಳ ಗಂಟಲು ಕಟ್ಟಿತು. ಡಾಕ್ಟರು ಒಂದು ವಾರ ಬಾಯಿ ಬಿಡಕೂಡದು ಎಂದರು. ವಾದ್ಯದವರು ಅಲ್ಲಿಂದ ಮುಂದೆ ಬೇರೆ ಊರುಗಳಿಗೆ ಹೊರಟಿದ್ದರು, ಮತ್ತೆ ಸಿಗುವುದು ಬೇಸಿಗೆಗೇ. ಅವರಿಗೆ ನುಡಿಸಲು ಜೊತೆಗೊಂದು ದನಿ ಬೇಕು. ಜ್ವರದ ಮಗಳನ್ನು ಮನೆಯಲ್ಲಿ ಮಲಗಿಸಿ ವಿಷಯ ತಿಳಿಸಲು ಬಂದಿದ್ದ ಪ್ರತಿಭಾ, ಬಾಗಿಲಲ್ಲೇ ನಿಂತು, "ನಾನು ಹಾಡಿದರೆ ಆಗುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತನ್ನ ಬಾಯಿಂದ ಆ ಮಾತು ಹೊರಟದ್ದು ಆಕೆಗೇ ಆಶ್ಚರ್ಯವಾಗಿತ್ತು.

ಇಪ್ಪತ್ತೈದು ವರ್ಷದ ಮೇಲೆ ಹೆಡ್‌ಫೋನು ಕಿವಿಗೆ ಬಂತು. ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ, ಅಭ್ಯಾಸಬಲದಿಂದ ಆಕೆ ಮಾಡಿದ್ದು ಒಂದೇ ಕೆಲಸ: ಹಾಡು ಯಾರದೋ ಅವರ ಗಂಟಲಿಗೆ ಇಳಿದಳು. ಆ ಒರಟು, ಆ ಇಟ್ಟುಬಿಡುವ ಕೊನೆಯ ಪದ, ಇಂಗ್ಲಿಷಿನ ಆ ಎಳೆತ, ಎಲ್ಲವೂ ಇಪ್ಪತ್ತಮೂರು ವರ್ಷ ಮನೆಯಲ್ಲಿ ಕೇಳಿದ್ದೇ. ಸ್ಟೀಲ್ ಗಿಟಾರಿನವನು ನುಡಿಸುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದ. ಕ್ಲೇಟನ್, "ಕಣ್ಣು ಮುಚ್ಚಿದರೆ ಹುಡುಗಿಯೇ ನಿಂತ ಹಾಗಿದೆ" ಎಂದ. ಪ್ರತಿಭಾಗೆ ಹೆಮ್ಮೆಯಾಯಿತು. ಪ್ರತಿ ಹಾಡಿನ ಕೊನೆಗೆ ಕ್ಲೇಟನ್ ಕೊಟ್ಟ ಹಾಳೆಯಲ್ಲಿ ಟೇಕಿನ ಸಂಖ್ಯೆ ಬರೆದು, ಗಾಯಕರು ಎಂದಿದ್ದ ಕಡೆ ಸ್ಪಂದನಾ ಎಂದು ದುಂಡಗೆ ಬರೆದಳು.

ಏಳನೆಯ ಹಾಡು ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಪದಗಳನ್ನು ಆಕೆ ಅದೇ ಮೊದಲು ಓದಿದ್ದು. ಅದು ತಾಯಿಯ ಮೇಲಿನ ಹಾಡು, ಕನ್ನಡದಲ್ಲಿ ಹೇಳಿದರೆ ಹೀಗೆ: ನಮ್ಮ ಮನೆಯಲ್ಲಿ ಬಾಗಿಲುಗಳನ್ನು ಮೆಲ್ಲಗೆ ಹಾಕುತ್ತಾರೆ. ಅಮ್ಮಾ, ನೀನು ಒಮ್ಮೆಯಾದರೂ ಕೂಗಿದ್ದರೆ ನೀನೆಲ್ಲಿದ್ದೀಯ ಎಂದು ನನಗೆ ಗೊತ್ತಾಗುತ್ತಿತ್ತು. ಮೊದಲ ಮೂರು ಟೇಕುಗಳಲ್ಲಿ ಪ್ರತಿಭಾ ಧಾಟಿಯ ಕಡೆಗಷ್ಟೇ ಗಮನ ಕೊಟ್ಟಳು. ನಾಲ್ಕನೆಯದರಲ್ಲಿ ಅರ್ಥ ಇಳಿಯಿತು. ಮಗಳ ದನಿಯಲ್ಲಿ ತನ್ನನ್ನೇ ಕೂಗಿ ಕರೆಯುತ್ತಿದ್ದೇನೆ ಎಂಬುದು ಆಕೆಗೆ ಹಾಡುತ್ತ ಹಾಡುತ್ತಲೇ ಹೊಳೆಯಿತು. ಮುಗಿದಾಗ ಆಕೆ ಹಾಳೆಯಲ್ಲಿ ನಾಲ್ಕು ಎಂದು ಬರೆದು, ಮುಂದೆ ಸ್ಪಂದನಾ ಎಂದು ಬರೆದು, ಮೂಗು ಒರೆಸಿಕೊಂಡು ಮನೆಗೆ ಹೊರಟಳು.

ಗಂಟಲು ಸರಿಯಾದ ಮೇಲೆ ಸ್ಪಂದನಾ ಎರಡು ವಾರಾಂತ್ಯ ಕೂತು ಹನ್ನೊಂದೂ ಹಾಡಿದಳು. ಒಂದೊಂದಕ್ಕೂ ಎಂಟು ಹತ್ತು ಟೇಕು. ಎಲ್ಲವನ್ನೂ ಕ್ಲೇಟನ್ ಹಾಳೆಯಲ್ಲಿದ್ದ ಹೆಸರಿನಂತೆಯೇ ಗುರುತು ಹಾಕಿ, ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನಲ್ಲಿದ್ದ ಮಿಕ್ಸಿಂಗ್‌ನವನಿಗೆ ಕಳಿಸಿದ. ಅಮ್ಮ ದಾರಿ ತೋರಿಸಲು ಹಾಡಿದ್ದಳೆಂದು ಎಲ್ಲರಿಗೂ ಗೊತ್ತಿತ್ತು. ಅದು ಅಳಿಸಿಹೋಗಿರುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಮಿಕ್ಸಿಂಗ್‌ನವನಿಗೆ ಮಾತ್ರ ಅಮ್ಮ ಎಂಬೊಬ್ಬಳು ಇರುವುದೇ ತಿಳಿಯದು. ಅವನು ಸ್ಪಂದನಾ ಎಂಬ ಹೆಸರಿನ ಟೇಕುಗಳಲ್ಲಿ ಯಾವುದು ಚೆನ್ನಾಗಿತ್ತೋ ಅದನ್ನು ಆರಿಸಿಕೊಂಡು ವಾದ್ಯಗಳ ಜೊತೆ ಬೆರೆಸಿದ.

ಜನವರಿಯ ಕೊನೆಗೆ ಸಿದ್ಧವಾದ ಹಾಡುಗಳು ಫೋನಿಗೆ ಬಂದವು. ಕಾರಿನಲ್ಲೇ ಕೇಳಿ, ಕಾರಿನಲ್ಲಿ ಚೆನ್ನಾಗಿದ್ದರೆ ಎಲ್ಲೂ ಚೆನ್ನಾಗಿರುತ್ತದೆ ಎಂದು ಕ್ಲೇಟನ್ ಹೇಳಿದ್ದನಂತೆ. ಪ್ರತಿಭಾ ಊಟದ ಬಿಡುವಿನಲ್ಲಿ ಕರ್ಕ್‌ಲ್ಯಾಂಡ್‌ನ ಆಫೀಸಿನ ಪಾರ್ಕಿಂಗ್‌ನಲ್ಲಿ ಕೂತು, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೇಳತೊಡಗಿದಳು. ಹೊರಗೆ ಎರಡು ವಾರದಿಂದ ಹಿಡಿದ ಜಿನುಗು ಮಳೆ. ಆರು ಹಾಡು ಮುಗಿದವು. ಏಳನೆಯದು ಶುರುವಾಗಿ ಎರಡನೆಯ ಸಾಲಿಗೆ ಬಂದಾಗ ಆಕೆ ವಾಲ್ಯೂಮ್ ಏರಿಸಿದಳು. ಅದು ಉದ್ದ ಸಾಲು. ಸ್ಪಂದನಾ ಅದನ್ನು ಯಾವತ್ತೂ ಒಂದೇ ಉಸಿರಿನಲ್ಲಿ ಹಾಡಲಾರಳು, ನಡುವೆ ಒಂದು ಕಡೆ ನಿಲ್ಲಲೇಬೇಕು. ಇಲ್ಲಿ ದನಿ ನಿಲ್ಲಲಿಲ್ಲ.

ಆಗ ಆಕೆಗೆ ಮೊದಲು ಆದದ್ದು ಗಾಬರಿಯಲ್ಲ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದದ್ದು ಸಂತೋಷ, ನಾಚಿಕೆಗೆಟ್ಟ ಸಂತೋಷ. ನಾನೂರು ಹಾಡಿನಲ್ಲಿ ಒಂದನ್ನೂ ಆಕೆ ತನ್ನ ದನಿಯೊಂದಿಗೆ ಪೂರ್ತಿಯಾಗಿ, ವಾದ್ಯವೆಲ್ಲ ಸೇರಿ, ಮುಗಿದ ರೂಪದಲ್ಲಿ ಕೇಳಿರಲಿಲ್ಲ. ಸ್ಟೀಲ್ ಗಿಟಾರು ತನ್ನ ಉಸಿರಿಗೆ ಉತ್ತರ ಕೊಡುತ್ತಿತ್ತು. ನಾಲ್ಕು ಸಲ ಕೇಳಿದಳು. ಡಬ್ಬಿಯ ಮುಚ್ಚಳ ತೆಗೆಯದೆಯೇ ಆಫೀಸಿಗೆ ಹಿಂದಿರುಗಿ, ಆ ದಿನ ಒಂದೂ ತಪ್ಪು ಹುಡುಕಲಿಲ್ಲ.

ಸಂಜೆ ಸ್ಪಂದನಾ ಮನೆಗೆ ಬಂದವಳೇ ತಾಯಿಯನ್ನು ತಬ್ಬಿಕೊಂಡಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ಇಂಗ್ಲಿಷ್. ಇಲ್ಲಿ ಅವಳ ಮಾತನ್ನು ಕನ್ನಡ ಮಾಡಿ ಬರೆದಿದೆ. "ಏಳನೇದು ಕೇಳಿದ್ಯಾ ಅಮ್ಮಾ? ನಾನು ಯಾವಾಗ ಹಾಗೆ ಹಾಡಿದೆ? ನನಗೆ ನೆನಪೇ ಇಲ್ಲ. ಉಳಿದದ್ದೆಲ್ಲ ಪರವಾಗಿಲ್ಲ ಅನ್ನೋ ಥರ ಇದೆ. ಅದೊಂದು ಕೇಳಿದ ಮೇಲೆ ಮಾತ್ರ, ನಾನು ನಿಜವಾಗ್ಲೂ ಹಾಡುಗಾರ್ತಿ ಅಂತ ಅನ್ನಿಸ್ತು."

ಪ್ರತಿಭಾ ಬಾಯಿ ತೆರೆದಳು. "ಚೆನ್ನಾಗಿದೆ ಪುಟ್ಟಾ" ಎಂದಳು. ಅಷ್ಟೆ.

ರಾಕೇಶ್‌ಗೆ ಮಾತ್ರ ಹೇಳಿದಳು. ಆತ ಬಟಾಣಿ ಸುಲಿಯುತ್ತಿದ್ದ. ಕೈಯಲ್ಲಿದ್ದ ಸಿಪ್ಪೆ ಪಕ್ಕಕ್ಕಿಟ್ಟು, "ಯಾರಿಗ್ ಗೊತ್ತಾಗತ್ತೆ? ಮನೇಲೇ ಇದೆಯಲ್ಲ ದನಿ, ಹೊರಗಡೆದೇನಲ್ವಲ್ಲ" ಎಂದ.

"ಅವಳಿಗೆ ಗೊತ್ತಾದ್ರೆ?"

"ನೀನು ಹೇಳದಿದ್ರೆ ಹೆಂಗ್ ಗೊತ್ತಾಗತ್ತೆ? ಪಾಪ, ಖುಷಿಯಾಗಿದಾಳೆ, ಬಿಡು."

ಗಂಡನ ಮಾತನ್ನು ಪ್ರತಿಭಾ ಸಾಮಾನ್ಯವಾಗಿ ಅಷ್ಟು ಬೇಗ ಒಪ್ಪುವವಳಲ್ಲ. ಈ ಸಲ ಒಪ್ಪಿದಳು. ಮಗಳ ಖುಷಿಗೆ ಎಂದು ಹೇಳಿಕೊಂಡಳು. ನಿಜವಾಗಿ, ಅಳಿಸದೆ ಉಳಿದ ಒಂದೇ ಒಂದು ಟೇಕು ಅದು. ಯಾರ ಹೆಸರಿನಲ್ಲಾದರೂ ಸರಿ, ಉಳಿಯಲಿ ಎಂಬ ಆಸೆ ಆಕೆಯ ಹೊಟ್ಟೆಯೊಳಗೆ ಕೂತಿತ್ತು.

ಮೂರನೆಯ ದಿನ ಸ್ಪಂದನಾ ತಾನು ಕೆಲಸ ಬಿಡುತ್ತೇನೆಂದಳು. ಆಲ್ಬಂ ಬಿಡುಗಡೆಯಾದ ಮೇಲೆ ನ್ಯಾಶ್‌ವಿಲ್‌ಗೆ ಹೋಗುತ್ತಾಳಂತೆ. "ಹಾಗೆ ಹಾಡೋದಕ್ಕೆ ಆಗತ್ತೆ ಅಂತ ಗೊತ್ತಾದ ಮೇಲೂ ಇಲ್ಲಿ ಕೂತಿರೋದು ಹೇಗಮ್ಮಾ?" ಮಾರ್ಚ್ ಎರಡನೆಯ ಶನಿವಾರ ಬಿಡುಗಡೆಯ ಕಾರ್ಯಕ್ರಮ, ಅಲ್ಲಿ ಏಳನೆಯದನ್ನು ಕೊನೆಗೆ ಹಾಡಬೇಕು. ಅವತ್ತಿನಿಂದ ಮನೆಗೆ ಅಂಟಿದ ಗರಾಜಿನಲ್ಲಿ ಅಭ್ಯಾಸ ಶುರುವಾಯಿತು.

ಪ್ರತಿಭಾಗೆ ಅದನ್ನು ಕೇಳುವುದೇ ಶಿಕ್ಷೆ. ಸ್ಪಂದನಾ ಫೋನಿನಲ್ಲಿ ತನ್ನದೆಂದುಕೊಂಡ ದನಿ ಹಾಕಿ, ಎರಡನೆಯ ಸಾಲು ಕೇಳಿ, ನಿಲ್ಲಿಸಿ, ಅದರಂತೆ ಹಾಡಲು ನೋಡುತ್ತಿದ್ದಳು. ಉಸಿರು ನಡುವೆಯೇ ಮುಗಿಯುತ್ತಿತ್ತು. ಮತ್ತೆ ಹಾಕುತ್ತಿದ್ದಳು. ದಿನ ಕಳೆದಂತೆ ಅವಳು ತನ್ನ ಹಾಡನ್ನು ಬಿಟ್ಟು ಆ ಟೇಕಿನ ನಕಲು ಮಾಡತೊಡಗಿದಳು; ಎಲ್ಲಿ ಅದುರಿದೆಯೋ ಅಲ್ಲಿ ಅದುರಿಸುವುದು, ಎಲ್ಲಿ ಕಟ್ಟಿದೆಯೋ ಅಲ್ಲಿ ಕಟ್ಟಿಸುವುದು. ಅಡುಗೆಮನೆಯ ಗೋಡೆಯಾಚೆ ಪ್ರತಿಭಾ ಸಾರು ಕುದಿಸುತ್ತ ನಿಂತು ಎಲ್ಲವನ್ನೂ ಗುರುತಿಸುತ್ತಿದ್ದಳು. ಈ ಕೆಲಸ ಆಕೆಗೆ ಗೊತ್ತಿದ್ದದ್ದೇ. ಇಪ್ಪತ್ತನೆಯ ವಯಸ್ಸಿನಲ್ಲಿ ಬಾಡಿಗೆ ಕೋಣೆಯಲ್ಲಿ ಕ್ಯಾಸೆಟ್ಟು ಹಿಂದೆ ಮುಂದೆ ಓಡಿಸುತ್ತ ತಾನು ಮಾಡಿದ್ದೂ ಇದೇ.

ಹಾಡುಗಳು ಬಂದ ಹನ್ನೊಂದನೆಯ ದಿನ ಸ್ಪಂದನಾಳ ದನಿ ಒಡೆದಿತ್ತು. ಗರಾಜಿನಲ್ಲಿ ಗಿಟಾರು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. "ನನಗೆ ಏನೋ ಆಗಿದೆ ಅಮ್ಮಾ. ಅಕ್ಟೋಬರಿನಲ್ಲಿ ಇದ್ದದ್ದು ಈಗ ಇಲ್ಲ. ಒಂದೇ ಸಲ ಬಂದು ಹೋಗಿಬಿಡ್ತು."

ಪ್ರತಿಭಾ ತೊಳೆಯುವ ಮೆಷಿನ್ನಿಗೆ ಒರಗಿ ನಿಂತಳು. "ಹೋಗಿಲ್ಲ ಕಣೆ. ಅದು ನೀನಲ್ಲ" ಎಂದಳು.

"ಅಂದರೆ?"

"ಏಳನೇದು ನಾನು ಹಾಡಿದ್ದು. ನಾಲ್ಕನೇ ಟೇಕು. ಹಾಳೆಲಿ ನಿನ್ ಹೆಸ್ರು ಬರ್ದಿದ್ದೆ. ಬೆಂಗಳೂರಲ್ಲಿ ಹಾಗೇ ಬರಿಯೋದು, ಹಾಡು ಯಾರದೋ ಅವ್ರ ಹೆಸ್ರು. ಕೈ ತಾನಾಗೇ ಬರೀತು."

ಸ್ಪಂದನಾ ಫೋನಿನಲ್ಲಿ ಹಾಡು ಹಾಕಿದಳು. ಎರಡನೆಯ ಸಾಲು ಬಂತು, ನಿಲ್ಲದೆ ಮುಗಿಯಿತು. ಈ ಸಲ ಅವಳು ತಾಯಿಯ ಮುಖ ನೋಡುತ್ತ ಕೇಳಿದಳು. ಕೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. "ನಿನಗೆ ಯಾವಾಗಿಂದ ಗೊತ್ತು?"

"ಬಂದ ದಿನದಿಂದ."

"ಹನ್ನೊಂದು ದಿನ." ಅವಳು ಕೂಗಲಿಲ್ಲ. ಕೂಗಿದ್ದರೆ ಪ್ರತಿಭಾಗೆ ಎಷ್ಟೋ ಹಗುರವಾಗುತ್ತಿತ್ತು. "ಗೊತ್ತಿದ್ದೂ ನೀನು ಆ ಗೋಡೆಯ ಆಚೆ ನಿಂತು ನಾನು ಗಂಟಲು ಹರ್ಕೊಳ್ಳೋದನ್ನ ಕೇಳಿಸ್ಕೊಂಡೆ. ಯಾಕೆ?"

"ನನ್ ದನಿ ಉಳೀಲಿ ಅಂತ" ಎಂದಳು ಪ್ರತಿಭಾ. ಇಷ್ಟು ನೇರವಾಗಿ ಆಕೆ ಜೀವನದಲ್ಲಿ ಯಾರಿಗೂ ಏನನ್ನೂ ಹೇಳಿರಲಿಲ್ಲ.

ಎರಡು ದಿನ ಮಾತಿಲ್ಲ. ಮೂರನೆಯ ದಿನ ಸ್ಪಂದನಾ ಕಾರಿನ ಕೀ ಹಿಡಿದು ಅಡುಗೆಮನೆಗೆ ಬಂದಳು. ಕ್ಲೇಟನ್ ಜೊತೆ ಮಾತಾಡಿದ್ದಳು. ಶುಕ್ರವಾರದೊಳಗೆ ಹಾಡುಗಳನ್ನು ಕೊನೆಯದಾಗಿ ಬಿಡುಗಡೆಗೆ ಕಳಿಸಬೇಕು, ಒಂದು ದಾರಿ ಇದೆ. "ಆ ಟೇಕು ಇರಕೂಡದು. ಅದು ನಾನೂ ಅಲ್ಲ, ನೀನೂ ಅಲ್ಲ. ಆದರೆ ಹಾಡು ನಿನ್ನ ಮೇಲೆ ಬರೆದದ್ದು. ನೀನು ಹಾಡು, ನಿನ್ನ ದನಿಯಲ್ಲಿ. ನಿನ್ನ ಹೆಸರು ಹಾಕ್ತೀನಿ. ಪ್ರತಿಭಾ ಅಂತ, ನನ್ನ ಹೆಸರಿನ ಪಕ್ಕದಲ್ಲೇ."

ಪ್ರತಿಭಾ ಒಲೆ ಆರಿಸಿದಳು. ಇಂಥದೊಂದು ಮಾತನ್ನು ಯಾರಾದರೂ ಹೇಳಲಿ ಎಂದು ಐದು ವರ್ಷ ಸ್ಟುಡಿಯೋದಿಂದ ಸ್ಟುಡಿಯೋಗೆ ಆಟೋದಲ್ಲಿ ಓಡಾಡಿದವಳು ಆಕೆ. ಅದನ್ನು ಈಗ, ಇಷ್ಟೆಲ್ಲ ಆದ ಮೇಲೆ, ಹೊಟ್ಟೆಯಲ್ಲಿ ಹುಟ್ಟಿದ ಮಗಳು ಹೇಳುತ್ತಿದ್ದಳು. ಕೋಣೆಗೆ ಹೋಗಿ ಒಳ್ಳೆಯದೊಂದು ಕಾಟನ್ ಸೀರೆ ಉಟ್ಟು, ಮೇಲೆ ಜಾಕೆಟ್ ಹಾಕಿಕೊಂಡು ಬಂದಳು.

ಸ್ಟುಡಿಯೋದಲ್ಲಿ ಕ್ಲೇಟನ್ ಮೈಕು ಸರಿಪಡಿಸಿದ. ಗಾಜಿನಾಚೆ ಸ್ಪಂದನಾ ಕುರ್ಚಿಯಲ್ಲಿ ಕೂತಳು. ಗಿಟಾರು ಶುರುವಾಯಿತು. ಪ್ರತಿಭಾ ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದಳು. ಕ್ಲೇಟನ್ ನಿಲ್ಲಿಸಿದ. "ಅದು ನಿಮ್ಮ ಮಗಳು" ಎಂದ ಮೆಲ್ಲಗೆ.

ಮತ್ತೆ ಹಾಡಿದಳು. ಒರಟನ್ನು ತೆಗೆದಳು, ಕೊನೆಯ ಪದವನ್ನು ಪೂರ್ತಿ ಹಾಡಿದಳು. ಈಗ ಬಂದದ್ದು ಮೂಗಿನ ಎಳೆತ, ಅದು ಯಾರದೆಂದು ಆಕೆಗೆ ಚೆನ್ನಾಗಿ ಗೊತ್ತು. ತೊಂಬತ್ತೇಳರಲ್ಲಿ ಅವರಿಗಾಗಿ ಅರವತ್ತು ಹಾಡು ಹಾಡಿದ್ದಳು. ಅದನ್ನೂ ಬಿಟ್ಟಳು. ನಗುವಿನಂಥ ತುದಿ ಬಂತು, ಅದು ಇನ್ನೊಬ್ಬರದು. ಒಂದನ್ನು ತೆಗೆದರೆ ಅದರ ಕೆಳಗೆ ಇನ್ನೊಂದು. ಏನನ್ನೂ ಹಾಕದೆ ಸುಮ್ಮನೆ ಹಾಡೋಣವೆಂದು ನೋಡಿದಳು. ದನಿ ಶ್ರುತಿಗೆ ಸರಿಯಾಗಿತ್ತು, ತಾಳಕ್ಕೆ ಸರಿಯಾಗಿತ್ತು, ಯಾರದೂ ಆಗಿರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಹೇಳುವ ಹೆಂಗಸಿನ ಹಾಗಿತ್ತು. ಒಂಬತ್ತನೆಯ ಟೇಕಿನಲ್ಲಿ ಆಕೆಯೇ ಹೆಡ್‌ಫೋನು ತೆಗೆದಳು.

"ಇನ್ನೊಂದು ಸಲ ನೋಡು ಅಮ್ಮಾ, ಟೈಮಿದೆ" ಎಂದಳು ಸ್ಪಂದನಾ, ಸ್ಪೀಕರಿನಲ್ಲಿ. ಸಿಟ್ಟೆಲ್ಲ ಇಳಿದಿತ್ತು. ಇಳಿಯದಿದ್ದರೇ ಚೆನ್ನಾಗಿತ್ತು.

"ಸಾಕು ಪುಟ್ಟಾ. ಬರ್ತಿಲ್ಲ."

"ನಾಳೆ ಬರೋಣ?"

"ನಾಳೆನೂ ಬರಲ್ಲ." ಪ್ರತಿಭಾ ಹೆಡ್‌ಫೋನನ್ನು ಕೊಕ್ಕೆಗೆ ಸಿಕ್ಕಿಸಿದಳು. ಒಳಗೆ ಬಂದು ಕ್ಲೇಟನ್‌ಗೆ, ಇವತ್ತಿನದೆಲ್ಲವನ್ನೂ ಅಳಿಸಿ, ಅಕ್ಟೋಬರಿನ ನಾಲ್ಕನೆಯದನ್ನೂ ಅಳಿಸಿ ಎಂದಳು. ಅವನು ಸ್ಪಂದನಾಳ ಮುಖ ನೋಡಿದ. ಅವಳು ಗಾಜಿನ ಕಡೆ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ತನ್ನ ಟೇಕುಗಳಲ್ಲೊಂದನ್ನು ಹಾಕಲು ಸ್ಪಂದನಾ ಒಪ್ಪಲಿಲ್ಲ, ಆಲ್ಬಂ ಹತ್ತು ಹಾಡಿನದಾಯಿತು.

ಸಮಾಮಿಶ್ ಕಡೆ ಬರುವಾಗ ಸ್ಪಂದನಾಳೇ ಡ್ರೈವ್ ಮಾಡಿದಳು. ಶಾಲೆ ಬಿಡುವ ಹೊತ್ತು, ಮಕ್ಕಳ ಹಳದಿ ಬಸ್ಸು ನಿಂತರೆ ಯಾರೂ ದಾಟುವಂತಿಲ್ಲ, ಹಿಂದೆ ಕಾರುಗಳು ತೆವಳುತ್ತಿದ್ದವು. ಅರ್ಧ ದಾರಿ ಬಂದ ಮೇಲೆ ಅವಳು, ಎಂದೂ ಆಡದ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಕೇಳಿದಳು.

"ಅಮ್ಮಾ, ಸ್ಟುಡಿಯೋಗೆ ಹೋಗೋ ಮುಂಚೆ... ಚಿಕ್ಕೋಳಾಗಿದ್ದಾಗ... ನೀನು ಹೆಂಗೆ ಹಾಡ್ತಿದ್ದೆ?"

ಪ್ರತಿಭಾ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. ಮನೆಯಲ್ಲಿ ಆಗ ಟೇಪ್ ರೆಕಾರ್ಡರ್ ಇರಲಿಲ್ಲ. ಕೇಳಿದ್ದ ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಪಾಠ ಹೇಳಿದ ಟೀಚರೂ ಇಲ್ಲ. ಶಾಲೆಯ ಪ್ರಾರ್ಥನೆಗೆ ನಿಂತಿದ್ದು, ಲಂಗದ ಅಂಚು ಹಿಡಿದುಕೊಂಡದ್ದು, ಮುಂದೆ ಕೂತ ಹುಡುಗಿಯರು ತಲೆಯೆತ್ತಿ ನೋಡಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ತಾನು ಬಾಯಿ ತೆರೆದು ಹಾಡುವುದೂ ಕಾಣುತ್ತಿತ್ತು. ಶಬ್ದ ಮಾತ್ರ ಬರಲಿಲ್ಲ.

"ಗೊತ್ತಿಲ್ಲ ಕಣೆ" ಎಂದಳು. "ನಂಗೆ ನೆನಪಿಲ್ಲ."

ಸ್ಪಂದನಾ ಒಂದು ಕೈಯನ್ನು ಸ್ಟಿಯರಿಂಗ್‌ನಿಂದ ತೆಗೆದು ತಾಯಿಯ ಕೈ ಹಿಡಿದುಕೊಂಡಳು. ಮುಂದಿನ ಬಸ್ಸು ಮಕ್ಕಳನ್ನು ಇಳಿಸಲು ನಿಂತಿತು, ಅವರೂ ನಿಂತರು.